ಪ್ಯಾರಿಸಿನಲ್ಲಿ ಬಲಗಡೆ ಕೂತವನು

ಫಾರಿನ್ನಿಗೆ ಹೋಗಿಬಂದವರ ಮಾತು ಕೇಳುವುದಕ್ಕಿಂತ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಉರಿಬಿಸಿಲಿಗೆ ನಿಂತು ಬಳ್ಳಾರಿ ಬಸ್ಸು ಕಾಯುವುದು ಎಷ್ಟೋ ಮೇಲು. ಬಸ್ಸಾದರೂ ಒಂದಲ್ಲ ಒಂದು ಹೊತ್ತಿಗೆ ಬರುತ್ತದೆ. ಇವರ ಮಾತು ಮುಗಿಯುವುದೇ ಇಲ್ಲ. ಅಲ್ಲಿನ ರಸ್ತೆಯಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದು ಎನ್ನುತ್ತಾರೆ. ನಾನು ಆ ರಸ್ತೆಗಳನ್ನು ನೋಡಿದ್ದೇನೆ, ನಾಯಿಗಳು ಅಲ್ಲಿಯೂ ತಮ್ಮ ಕೆಲಸ ಮುಗಿಸಿಯೇ ಮುಂದೆ ಹೋಗುತ್ತವೆ.

ಇಷ್ಟು ಜೋರಾಗಿ ಬೈಯಲು ನನಗೆ ಹಕ್ಕಿದೆ, ಏಕೆಂದರೆ ನಾನೂ ಆ ಜಾತಿಯವನೇ. ತೊಂಬತ್ತರ ದಶಕದ ನಡುವೆ ಪ್ಯಾರಿಸ್, ಬ್ರಸೆಲ್ಸ್, ರೋಮ್ ಮೂರೂ ನೋಡಿಬಂದೆ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ವಾಪಸ್ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ನನ್ನದೇ ಭಾಷಣ. ಸಹೋದ್ಯೋಗಿಗಳು ಪಾಪ, ಚಹಾ ಆರಿಸಿಕೊಂಡು ಕೇಳಿದರು. ಅವರಿಗೆ ಟವರಿನ ಎತ್ತರ ಹೇಳಿದೆ, ಅರಮನೆಯ ಕಿಟಕಿ ಎಷ್ಟೆಂದು ಹೇಳಿದೆ. ನಾನು ಕೂತು ಹೋದ ವಿಮಾನದ ಸೀಟು ನನ್ನದಲ್ಲ, ನನ್ನ ಅತ್ತಿಗೆಯದು ಎಂಬುದನ್ನು ಮಾತ್ರ ಹೇಳಲಿಲ್ಲ.

ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ನಾನು ಓದು ಅಂತ ಹೇಳಿಕೊಂಡು ಮಗ್ಗದಿಂದ ತಪ್ಪಿಸಿಕೊಂಡವನು. ಮಗ್ಗ ಅಣ್ಣನ ಪಾಲಿಗೆ ಬಂತು. ಪಡಸಾಲೆಯಲ್ಲಿ ನೆಲ ಅಗೆದು ಮಾಡಿದ ಕುಣಿ. ಅದರೊಳಗೆ ಕಾಲು ಇಳಿಬಿಟ್ಟು ಅಣ್ಣ ಕೂರುತ್ತಿದ್ದ, ಕುಣಿಯ ಬಲ ಅಂಚಿಗೆ ನೆಲದ ಮೇಲೆ ಅತ್ತಿಗೆ ಕೂರುತ್ತಿದ್ದರು. ನಮ್ಮೂರ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಹಾಗಾಗಿ ಮೂರು ಲಾಳಿ ಬೇಕು. ಒಡಲಿನ ಲಾಳಿಯನ್ನೂ ಎಡ ಅಂಚಿನದನ್ನೂ ಅಣ್ಣ ನೋಡಿಕೊಳ್ಳುತ್ತಿದ್ದ, ಬಲ ಅಂಚಿನ ಲಾಳಿ ಅತ್ತಿಗೆಯ ಕೈಯಲ್ಲಿ. ಒಡಲಿನ ಎಳೆ ಬಂದು ನಿಂತ ಕಡೆ ಅಂಚಿನ ಎಳೆಯನ್ನು ಅದಕ್ಕೆ ಕೊಂಡಿ ಹಾಕಿ ಹಿಂದಕ್ಕೆ ಕಳಿಸಬೇಕು. ಪ್ರತಿ ಎಳೆಗೂ ಹೀಗೆಯೇ. ಒಂದು ಕೊಂಡಿ ತಪ್ಪಿದರೆ ಅಲ್ಲಿ ಸೀರೆ ಬಾಯಿ ಬಿಡುತ್ತದೆ. ಇಪ್ಪತ್ತು ವರ್ಷದಲ್ಲಿ ಅತ್ತಿಗೆಯ ಕಡೆ ಸೀರೆ ಬಾಯಿ ಬಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಆದರೂ ಕೇಳಿದವರಿಗೆಲ್ಲ ನಮ್ಮ ಮನೆಯವರು ಹೇಳುತ್ತಿದ್ದುದು ಒಂದೇ: ನೇಯುವವನು ಅಣ್ಣ, ಅತ್ತಿಗೆ ಕೈಜೋಡಿಸುತ್ತಾಳೆ.

ಪ್ಯಾರಿಸಿನ ಒಂದು ಮ್ಯೂಸಿಯಮ್ಮಿನಲ್ಲಿ ಕೈಕಸುಬಿನ ಪ್ರದರ್ಶನವೆಂದೂ, ಅಲ್ಲಿ ಜನರೆದುರಿಗೇ ಒಂದು ಇಡೀ ಸೀರೆ ನೇಯಬೇಕೆಂದೂ, ಆ ಸೀರೆಯನ್ನು ಅವರು ಕಾಯಂ ಇಟ್ಟುಕೊಳ್ಳುತ್ತಾರೆಂದೂ ಅಣ್ಣನಿಗೆ ಕಾಗದ ಬಂತು. ಜೊತೆಗೆ ಒಂದು ಫಾರ್ಮು. ನೇಕಾರ ಒಬ್ಬರು, ಸಹಾಯಕ ನೇಕಾರ ಒಬ್ಬರು. ತುಂಬಲು ನನ್ನನ್ನು ಚಳ್ಳಕೆರೆಯಿಂದ ಕರೆಸಿದರು. ಎರಡನೆಯ ಗೆರೆಯ ಮೇಲೆ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಾನೇ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಅಲ್ಲಿ ಭಾಷೆ ಗೊತ್ತಿರುವವರು ಬೇಕಾಗುತ್ತದೆ ಎಂದೆ.

ಅವ್ವ ತಕ್ಷಣ ಹೌದು ಎಂದಳು. "ಆಕೀಗೆ ಅಲ್ಲೇನು ತಿಳೀತೈತೆ? ರಾಂಪುರದ ಸಂತೆಗೇ ಒಬ್ಬಳೇ ಹೋಗಿಲ್ಲ."

ಅಣ್ಣ ಮಗ್ಗದ ಅಳತೆಗೆ ಟೇಪು ಹುಡುಕತೊಡಗಿದ. ಅತ್ತಿಗೆ ಲಾಳಿಗೆ ಎಳೆ ತುಂಬುತ್ತಿದ್ದವರು ತಲೆ ಎತ್ತದೆ ಕೇಳಿದರು, "ಅಲ್ಲಿ ಬಲಗಡೆ ಯಾರು ಕೂಡ್ತಾರೆ?"

"ನಾನು ಕಲ್ತುಕೊಂಡು ಬಿಡ್ತೀನಿ ಅತ್ತಿಗೆ. ಅದೇನು ಮಹಾ."

ಅದೇನು ಮಹಾ. ಈ ಎರಡು ಮಾತಿಗೆ ನನ್ನನ್ನು ಆಗಲೇ ಕುಣಿಯೊಳಗೆ ದಬ್ಬಿ ಮಣ್ಣು ಮುಚ್ಚಬೇಕಿತ್ತು. ಅತ್ತಿಗೆ ಹಾಗೆ ಮಾಡದೆ ದಸರಾ ರಜೆಯಲ್ಲಿ ಹತ್ತು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ನನ್ನ ಬೆರಳು ಚಾಕ್‌ಪೀಸಿಗೆ ಒಗ್ಗಿದ ಬೆರಳು. ಹತ್ತನೆಯ ದಿನ ಅವರು ನಾನು ನೇಯ್ದ ಗೇಣಗಲವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಕಿತ್ತು ಹಾಕ್ತೀನಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡ್ರಿ" ಎಂದರು. ನನ್ನನ್ನು ಅವರು ಮೇಷ್ಟ್ರೇ ಅಂತಲೇ ಕರೆಯುತ್ತಿದ್ದುದು. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನಾನು ಯೋಚಿಸಲು ಹೋಗುತ್ತಿರಲಿಲ್ಲ.

ಹೊರಡುವಾಗ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು.

ಪ್ಯಾರಿಸಿನಲ್ಲಿ ಮೊದಲ ದಿನವೇ ನಮ್ಮ ಬುದ್ಧಿವಂತಿಕೆ ಹೊರಬಿತ್ತು. ಮಗ್ಗ ಹಡಗಿನಲ್ಲಿ ಮುಂಚೆಯೇ ಹೋಗಿತ್ತು. ಅದರ ಉದ್ದ, ಅಗಲ, ಎತ್ತರವನ್ನು ಫಾರ್ಮಿನಲ್ಲಿ ಕೇಳಿದ್ದರು, ಅಣ್ಣ ಟೇಪು ಹಿಡಿದಿದ್ದ, ನಾನು ಬರೆದುಕೊಂಡಿದ್ದೆ. ಅಳತೆಯಲ್ಲಿ ಒಂದಿಂಚೂ ತಪ್ಪಿರಲಿಲ್ಲ. ಮ್ಯೂಸಿಯಮ್ಮಿನ ಎರಡನೆಯ ಮಹಡಿಯಲ್ಲಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಮರದ ನೆಲದ ಮೇಲೆ, ನಮ್ಮ ಮಗ್ಗದ ಮರಮುಟ್ಟು ಇಟ್ಟಿದ್ದರು. ಅಣ್ಣ ನೆಲವನ್ನು ನೋಡಿದ, ಸುತ್ತ ಒಂದು ಸಲ ನಡೆದ.

"ಲೇ, ಕುಣಿ ಎಲ್ಲೈತೆ ಕೇಳು."

ಕುಣಿಯ ವಿಷಯ ನಾವು ಬರೆದೇ ಇರಲಿಲ್ಲ. ಬರೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಕುಣಿ ಮಗ್ಗದ್ದಲ್ಲ, ಮನೆಯದು. ಮನೆ ಮಾರಿದರೆ ಮಗ್ಗ ಬಿಚ್ಚಿಕೊಂಡು ಹೋಗುತ್ತೇವೆ, ಕುಣಿ ಕೊಂಡವರಿಗೆ. ಬಾಗಿಲಿಗೆ ಹೊಸ್ತಿಲು ಇರುತ್ತದೆ ಅಂತ ಯಾರಾದರೂ ಕಾಗದದಲ್ಲಿ ಬರೆಯುತ್ತಾರೆಯೇ? ಪ್ರದರ್ಶನದ ಉಸ್ತುವಾರಿ ಹೊತ್ತ ಹೆಂಗಸಿಗೆ, ಇಲ್ಲಿ ನೆಲದಲ್ಲಿ ಒಂದು ಗುಂಡಿ ಬೇಕಲ್ಲ ಎಂದು ನನ್ನ ಚಳ್ಳಕೆರೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಮೊದಲು ನನ್ನನ್ನು, ಆಮೇಲೆ ಇನ್ನೂರು ವರ್ಷ ಹಳೆಯದಾದ ಆ ನೆಲವನ್ನು ನೋಡಿ, ಕುರ್ಚಿ ಹುಡುಕಿಕೊಂಡು ಕೂತರು.

ಕೊನೆಗೆ ಬಡಗಿಗಳು ಬಂದು, ನಾಲ್ಕು ದಿನ ಹಿಡಿದು, ಸೊಂಟದೆತ್ತರದ ಮರದ ಕಟ್ಟೆ ಕಟ್ಟಿ, ಅದರ ನಡುವೆ ಕುಣಿಯಷ್ಟು ಜಾಗ ಬಿಟ್ಟರು. ಜನರಿಗೆ ಕಾಣಲೆಂದು ಮುಂದುಗಡೆ ಹಲಗೆ ಹೊಡೆಯಲಿಲ್ಲ. ಪ್ಯಾರಿಸಿನ ಸಂಸ್ಕೃತಿವಂತರು ಒಂದು ತಿಂಗಳು ಸಾಲುಗಟ್ಟಿ ಬಂದು ನಮ್ಮಣ್ಣನ ಪಾದದ ಫೋಟೋ ತೆಗೆದುಕೊಂಡು ಹೋದರು. ಸೀರೆ ಮೇಲಿತ್ತು, ಅದನ್ನು ನೋಡಲು ಕತ್ತು ಎತ್ತಬೇಕಿತ್ತು.

ನೇಯ್ಗೆ ಶುರುವಾಯಿತು. ನಾನು ಬಲಗಡೆ ಕೂತೆ. ಮೊದಲ ದಿನ ನಾಲ್ಕು ಬೆರಳು ಸೀರೆ ಆಯಿತು, ಅಷ್ಟರಲ್ಲಿ ಹನ್ನೊಂದು ಕಡೆ ಕೊಂಡಿ ತಪ್ಪಿಸಿದ್ದೆ. ಅಣ್ಣ ಬಿಚ್ಚಿದ, ಮತ್ತೆ ನೇಯ್ದೆವು, ಮತ್ತೆ ತಪ್ಪಿತು. ಅಣ್ಣನ ಕೈಗೆ ಒಂದು ಲಯ ಇತ್ತು. ಅತ್ತಿಗೆಯ ಲಾಳಿ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ ಅವನ ಕೈ ಏಳುತ್ತಿತ್ತು. ಈಗ ಅದು ಎದ್ದು, ಕಾದು, ನನ್ನನ್ನು ಬೈದುಕೊಂಡು ಇಳಿಯಬೇಕಾಗಿತ್ತು. ನಾಲ್ಕನೆಯ ದಿನ ಅವನ ತಾಳ್ಮೆ ಹೋಯಿತು.

"ಎದ್ದೇಳಲೇ. ಹೋಗು, ಊರು ನೋಡ್ಕೊಂಡು ಬಾ. ಅದಕ್ಕೇ ತಾನೇ ಬಂದಿದ್ದು ನೀನು?"

ಜನರೆದುರಿಗೆ ಹಾಗೆಂದ. ಯಾರಿಗೂ ಅರ್ಥವಾಗಲಿಲ್ಲ, ಚಪ್ಪಾಳೆ ತಟ್ಟಿದರು. ನನಗೆ ಅವಮಾನವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಿಜವಾಗಿ ಆದದ್ದು ಬಿಡುಗಡೆ. ಸಂಜೆ ಬಂದು ಎರಡು ಗಂಟೆ ಮಾತ್ರ ಕೂರುವುದೆಂದು ಮಾತಾಯಿತು. ಉಳಿದ ಹೊತ್ತು ಅಣ್ಣ ಒಬ್ಬನೇ, ಕುಣಿಯಿಂದ ಅರ್ಧ ಎದ್ದು ಬಲಕ್ಕೆ ಬಾಗಿ ಅಂಚಿನ ಲಾಳಿ ಒಗೆದು, ಮತ್ತೆ ಕೂತು, ಹೀಗೆ ನೇಯುತ್ತಿದ್ದ. ನಾನು ಊರು ನೋಡಲು ಹೋದೆ.

ಏನು ಊರು, ಏನು ಕತೆ. ಟವರು ನೋಡಿದೆ. ಶರಾವತಿಯಿಂದ ಕರೆಂಟು ತರುವ ಕಂಬವನ್ನು ಯಾರೋ ಹೊಟ್ಟೆಕಿಚ್ಚಿಗೆ ಬಿದ್ದು ಎತ್ತರ ಮಾಡಿದ ಹಾಗಿತ್ತು. ಮೇಲೆ ಹೋದವರೆಲ್ಲ ಮಾಡುತ್ತಿದ್ದುದು ಒಂದೇ ಕೆಲಸ: ತಾವು ಇಳಿದುಕೊಂಡ ಹೋಟೆಲು ಎಲ್ಲಿದೆ ಎಂದು ಹುಡುಕುವುದು. ಅಷ್ಟು ದೂರದಿಂದ ಬಂದು, ಅಷ್ಟು ಹೊತ್ತು ಸಾಲಿನಲ್ಲಿ ನಿಂತು, ಅಷ್ಟು ಮೇಲೆ ಹತ್ತಿ, ತಾನು ಬೆಳಿಗ್ಗೆ ಬಿಟ್ಟು ಬಂದ ಹಾಸಿಗೆಯನ್ನು ಬೆರಳು ಮಾಡಿ ತೋರಿಸುವ ಪ್ರಾಣಿ ಮನುಷ್ಯನೊಬ್ಬನೇ. ನಾನೂ ಹುಡುಕಿದೆ, ಸಿಗಲಿಲ್ಲ. ಕೆಳಗಿಳಿದು ಹುಲ್ಲಿನ ಮೇಲೆ ಕೂತು ಬ್ರೆಡ್ಡಿಗೆ ಅತ್ತಿಗೆಯ ಚಟ್ನಿಪುಡಿ ಹಾಕಿಕೊಂಡು ತಿಂದೆ. ಆ ಊರಿನಲ್ಲಿ ನಾನು ತಿಂದ ಒಳ್ಳೆಯ ಊಟ ಅದೇ, ಅದನ್ನೂ ಕಳ್ಳನ ಹಾಗೆ ತಿಂದೆ.

ಜಗತ್ತಿನಲ್ಲೇ ಹೆಸರಾದ ಒಬ್ಬ ಹೆಂಗಸಿನ ಚಿತ್ರಪಟ ನೋಡಲು ಹೋದೆ. ಚಿತ್ರ ನಮ್ಮ ಶಾಲೆಯ ಟೈಮ್‌ಟೇಬಲ್ ಬೋರ್ಡಿಗಿಂತ ಚಿಕ್ಕದು. ಮುಂದೆ ನೂರಾರು ತಲೆ, ತಲೆಗಳ ಮೇಲೆ ನೂರಾರು ಕ್ಯಾಮೆರಾ. ಆಕೆ ನಗುತ್ತಿದ್ದಾಳೋ ಇಲ್ಲವೋ ಎಂದು ಶತಮಾನಗಳಿಂದ ಚರ್ಚೆಯಂತೆ. ದಿನವೂ ಅಂಥ ಗುಂಪು ಬಂದು ಬಾಯಿ ಬಿಟ್ಟುಕೊಂಡು ನಿಂತರೆ ಯಾರಿಗಾದರೂ ನಗು ಬರುತ್ತದೆ, ಇದರಲ್ಲಿ ಚರ್ಚೆ ಏನು ಬಂತು?

ಬ್ರಸೆಲ್ಸಿಗೆ ನಮ್ಮಂಥ ಕಸುಬಿನವರನ್ನೆಲ್ಲ ಒಂದು ಭಾನುವಾರ ಬಸ್ಸಿನಲ್ಲಿ ಕರೆದೊಯ್ದರು. ಅಣ್ಣ ಬರಲಿಲ್ಲ, ಸೀರೆ ಹಿಂದೆ ಬಿದ್ದಿತ್ತು. ಆ ಊರಿನ ಹೆಗ್ಗಳಿಕೆ ಎಂದರೆ ಮೂಲೆಯಲ್ಲಿ ನಿಂತು ಉಚ್ಚೆ ಹೊಯ್ಯುವ ಒಂದು ಗೇಣುದ್ದದ ಹುಡುಗನ ಕಂಚಿನ ಗೊಂಬೆ. ಅದಕ್ಕೆ ಹಬ್ಬಕ್ಕೊಂದು ಬಟ್ಟೆ ತೊಡಿಸುತ್ತಾರಂತೆ, ಆ ಬಟ್ಟೆಗಳನ್ನೂ ಒಂದು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆಗೆ ಇದೇ ದೃಶ್ಯ ದಿನವಿಡೀ ಸಿಗುತ್ತದೆ, ಯಾರೂ ಬಸ್ಸು ಮಾಡಿಕೊಂಡು ಬರುವುದಿಲ್ಲ. ಆದರೆ ನಾನೂ ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆ. ಆ ಫೋಟೋ ಈಗಲೂ ಇದೆ.

ಇನ್ನೊಂದು ಸಲ ಮೂರು ದಿನಕ್ಕೆ ರೈಲಿನಲ್ಲಿ ರೋಮಿಗೂ ಕರೆದೊಯ್ದರು. ಅಲ್ಲಿ ಬಿದ್ದ ಗೋಡೆಗಳು. ಒಂದು ಗೋಡೆ ಬಿದ್ದಿದೆ, ಇನ್ನೊಂದು ಅರ್ಧ ಬಿದ್ದಿದೆ, ಮೂರನೆಯದು ಬೀಳದಂತೆ ಕಂಬಿ ಕೊಟ್ಟಿದ್ದಾರೆ. ಮಡಿಸಿದ ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಜನ ಕುರಿಮಂದೆಯಂತೆ ನಡೆಯುತ್ತಿದ್ದರು. ಎರಡು ಸಾವಿರ ವರ್ಷ ಹಳೆಯದು ಎಂದು ಆತ ಹೇಳಿದಾಗ ನನಗೆ ರೇಗಿತು. ನಮ್ಮ ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಅಶೋಕನ ಕಾಲದ ಬರಹ ಇದೆ, ಅದು ಇದಕ್ಕಿಂತ ಹಳೆಯದು ಎಂದು ಗುಂಪಿನ ನಡುವೆ ಕೂಗಿ ಹೇಳಿದೆ. ಗೈಡು ಒಳ್ಳೆಯವನು, ಅದರಲ್ಲಿ ಏನು ಬರೆದಿದೆ ಎಂದು ಕೇಳಿದ. ನಾನು ಪ್ರತಿ ವರ್ಷ ಮಕ್ಕಳನ್ನು ಆ ಬೆಟ್ಟಕ್ಕೆ ಕರೆದೊಯ್ದು, ಬಂಡೆಯ ಹತ್ತಿರ ನೆರಳಿನಲ್ಲಿ ಮಂಡಕ್ಕಿ ತಿನ್ನಿಸಿ, ಗಲಾಟೆ ಮಾಡಬೇಡ್ರೋ ಎಂದು ಗದರಿಸಿ ಇಳಿಸಿಕೊಂಡು ಬರುತ್ತಿದ್ದ ಮೇಷ್ಟ್ರು. ಏನು ಬರೆದಿದೆ ಎಂದು ನನಗೆ ಗೊತ್ತಿರಲಿಲ್ಲ. ಗೈಡಿನ ಹಿಂದೆ ಬಾಯಿ ಮುಚ್ಚಿಕೊಂಡು ನಡೆದೆ.

ಕೊನೆಯ ವಾರ, ಪ್ಯಾರಿಸಿನಲ್ಲೇ, ಗೋಡೆಗೆ ಹಾಕುವ ಚಿತ್ರದ ಬಟ್ಟೆ ನೇಯುವ ಒಂದು ಹಳೆಯ ಕಾರ್ಖಾನೆಗೆ ಅಣ್ಣನನ್ನೂ ಕರೆದೊಯ್ದರು. ಅಣ್ಣ ಆ ಊರಿನಲ್ಲಿ ನೋಡಿದ್ದು ಅದೊಂದೇ. ಅಲ್ಲಿ ಒಂದೇ ಮಗ್ಗಕ್ಕೆ ಇಬ್ಬರು ಹೆಂಗಸರು ಪಕ್ಕಪಕ್ಕ ಕೂತಿದ್ದರು. ಅಣ್ಣ ಕೈ ಹಿಂದೆ ಕಟ್ಟಿಕೊಂಡು ಅವರ ಬೆರಳುಗಳನ್ನು ಬಹಳ ಹೊತ್ತು ನೋಡಿದ. ಈ ಬಟ್ಟೆ ಮುಗಿಯಲು ಮೂರು ವರ್ಷ ಬೇಕು, ಅಷ್ಟರಲ್ಲಿ ಈ ಮಗ್ಗಕ್ಕೆ ಯಾರು ಯಾರು ಕೂತರೋ ಎಲ್ಲರ ಹೆಸರನ್ನೂ ಹಿಂಬದಿಯಲ್ಲಿ ಬರೆಯುತ್ತೇವೆ, ಒಂದು ದಿನ ಕೂತವರದೂ ಕೂಡ, ಎಂದು ತೋರಿಸುವವರು ಹೇಳಿದರು. ನಾನು ಅಣ್ಣನಿಗೆ ಅದನ್ನು ಕನ್ನಡದಲ್ಲಿ ಹೇಳಿ, ಏನು ದೊಡ್ಡಸ್ತಿಕೆ ನೋಡು ಇವರದು ಎಂದು ನಕ್ಕೆ. ಅಣ್ಣ ನಗಲಿಲ್ಲ.

ಸೀರೆ ಮುಗಿಯಿತು. ಎಡ ಅಂಚು ದೇವರ ಮುಂದೆ ಇಡುವಂತಿತ್ತು. ಬಲ ಅಂಚಿನಲ್ಲಿ, ಅಣ್ಣ ಒಬ್ಬನೇ ಬಾಗಿ ನೇಯ್ದ ಕಡೆ ಪರವಾಗಿಲ್ಲ, ನಾನು ಕೂತ ಕಡೆಯೆಲ್ಲ ಒಡಲಿಗೂ ಅಂಚಿಗೂ ನಡುವೆ ಸಣ್ಣ ಸಣ್ಣ ಬಾಯಿ. ಬಿಚ್ಚಿ ನೇಯಲು ದಿನ ಉಳಿದಿರಲಿಲ್ಲ. ಮ್ಯೂಸಿಯಮ್ಮಿನವರಿಗೆ ಅದು ಕಾಣಲೇ ಇಲ್ಲ, ಎಲ್ಲರೂ ಆಹಾ ಎಂದರು. ಉಸ್ತುವಾರಿ ಹೆಂಗಸು ಕಾಗದ ಪೆನ್ನು ಹಿಡಿದುಕೊಂಡು ಬಂದು, ಸೀರೆಯ ಪಕ್ಕ ಹಾಕುವ ಹಲಗೆಗೆ ಹೆಸರು ಬೇಕು, ಫಾರ್ಮಿನಲ್ಲಿರುವ ಎರಡು ಹೆಸರೂ ಸರಿಯಾಗಿವೆಯೇ ಎಂದು ಕೇಳಿದರು.

ಅಣ್ಣನಿಗೆ ಹೇಳಿದೆ. ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ.

"ನನ್ನ ಹೆಸರಿನ ಕೆಳಗೆ ನಿನ್ನ ಅತ್ತಿಗೆ ಹೆಸರು ಬರೀರಿ ಅನ್ನು. ನಮ್ಮ ಮನೇಲಿ ನೇಯೋರು ನಾವಿಬ್ರು. ಈ ಸೀರೆಗೆ ಹಾಸಿನ ಎಳೆ ಹೂಡಿದ್ದೂ ಆಕೀನೇ. ಅಷ್ಟು ಹೇಳು ಅವರಿಗೆ."

ಆ ಹೆಂಗಸು ನನ್ನ ಮುಖ ನೋಡುತ್ತಿದ್ದರು. ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವನು ನಾನೊಬ್ಬನೇ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಹೌದು, ಎರಡು ಹೆಸರೂ ಸರಿಯಾಗಿವೆ, ನನ್ನಣ್ಣನಿಗೆ ತುಂಬಾ ಸಂತೋಷವಾಗಿದೆ.

ಸಹಾಯಕ ನೇಕಾರನೆಂದು ಹೇಳಿಕೊಂಡು ಬಂದವನು, ಈಗ ಅಲ್ಲವೆಂದರೆ ಏನಾದರೂ ತೊಂದರೆ ಆದೀತೆಂಬ ಭಯ ಅರ್ಧ, ಪ್ಯಾರಿಸಿನಲ್ಲಿ ನನ್ನ ಹೆಸರು ಇರಲೆಂಬ ಆಸೆ ಅರ್ಧ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಹೇಳುತ್ತೇನೆ, ಭಯ ಅಷ್ಟೇನೂ ಇರಲಿಲ್ಲ. ಅಣ್ಣ ಆಕೆಗೆ ಕೈಮುಗಿದ. ಆಕೆಯೂ ಕೈಮುಗಿದರು. ನಾನು ನಡುವೆ ನಿಂತಿದ್ದೆ.

ಮುಂದಿನ ವರ್ಷ ಪ್ರದರ್ಶನದ ಪುಸ್ತಕ ನನ್ನ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ದಪ್ಪ ಹಾಳೆ, ಬಣ್ಣದ ಫೋಟೋ. ಮನೆಗೆ ಒಯ್ಯದೆ ಇರಬಹುದಿತ್ತು, ಆದರೆ ಸ್ಟಾಫ್ ರೂಮಿನಲ್ಲಿ ಅದನ್ನು ತೋರಿಸಿ ಜಂಬ ಕೊಚ್ಚಿದ್ದು ಹೇಗೋ ಅಣ್ಣನ ಕಿವಿಗೆ ಬಿತ್ತು. ಮೊಳಕಾಲ್ಮೂರಿಗೆ ತೆಗೆದುಕೊಂಡು ಹೋದೆ. ಅಣ್ಣ ಕುಣಿಯಿಂದ ಎದ್ದು ಬಂದು ಅತ್ತಿಗೆಗೆ ಹೇಳಿದ, "ನಿನ್ನ ಹೆಸರೂ ಐತೆ ನೋಡೇ. ನಾನೇ ಹೇಳಿ ಬರೆಸೀನಿ."

ಅತ್ತಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಅವರ ಮುಖದಲ್ಲಿ ಒಂದು ಹೊಸ ಬೆಳಕು ಬಂದದ್ದನ್ನು ನೋಡಿದೆ, ನೋಡಬಾರದಿತ್ತು ಅನ್ನಿಸಿತು. ಇಂಗ್ಲಿಷ್ ಅಕ್ಷರ ಅವರಿಗೂ ಬರುತ್ತಿರಲಿಲ್ಲ, ಅಣ್ಣನಿಗೂ ಬರುತ್ತಿರಲಿಲ್ಲ. "ಓದ್ರಿ ಮೇಷ್ಟ್ರೇ" ಎಂದರು. ನಾನು ಬೆರಳಿಟ್ಟು ಓದಿದೆ. ಅಣ್ಣನ ಹೆಸರು ಓದಿದೆ. ಅದರ ಕೆಳಗೆ ನನ್ನ ಹೆಸರಿನ ಮೇಲೆ ಬೆರಳಿಟ್ಟು ಅವರ ಹೆಸರು ಓದಿದೆ.

ಅತ್ತಿಗೆ ತಲೆಯಾಡಿಸಿ, ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದರು. ಅವರ ಉಗುರು ಬಲ ಅಂಚಿನ ಉದ್ದಕ್ಕೂ ನಿಧಾನವಾಗಿ ಇಳಿಯಿತು, ಒಂದು ಕಡೆ ನಿಂತಿತು, ಮತ್ತೆ ಇಳಿಯಿತು, ಮತ್ತೆ ನಿಂತಿತು. ಮುಖ ಸಿಂಡರಿಸಿಕೊಂಡರು. ಅಷ್ಟು ಹೊತ್ತು ಇದ್ದ ಬೆಳಕು ಹೋಯಿತು.

"ಥೂ. ಏನ್ರಿ ಇದು? ಇದರ ಕೆಳಗೆ ನನ್ನ ಹೆಸರು ಹಾಕ್ಸೀರಾ?"

ಅಣ್ಣ ಏನೋ ಹೇಳಲು ಹೋದ. ಅವರು ಕೇಳಲಿಲ್ಲ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಮೇಷ್ಟ್ರೇ, ಅವರಿಗೆ ಒಂದು ಕಾಗದ ಬರೀರಿ. ನನ್ನ ಹೆಸರು ತೆಗೀರಿ ಅಂತ ಬರೀರಿ. ನಾನು ಇಂಥ ಅಂಚು ನೇಯಲ್ಲ. ನಾಳೆ ನಮ್ಮೂರೋರು ಯಾರಾದ್ರೂ ಅಲ್ಲಿಗೆ ಹೋಗಿ ನೋಡಿದ್ರೆ ಏನಂದ್ಕೋಬೇಕು?"

"ಬರೀತೀನಿ ಅತ್ತಿಗೆ."

"ಈ ಪುಸ್ತಕ ನೀವೇ ಇಟ್ಕೊಳ್ರಿ. ಮನೇಲಿ ಬ್ಯಾಡ."

ಅಂದಿನಿಂದ ನಾನು ಊರಿಗೆ ಹೋದಾಗಲೆಲ್ಲ ಅತ್ತಿಗೆ ಮೊದಲು ಕೇಳುತ್ತಿದ್ದುದು ಅದನ್ನೇ. ಬರೆದ್ರಾ? ಉತ್ತರ ಬಂತಾ? ಬರೆದಿದ್ದೇನೆ, ಬರಬೇಕು ಎನ್ನುತ್ತಿದ್ದೆ. ಬರೆಯದ ಕಾಗದಕ್ಕೆ ಫ್ರಾನ್ಸಿನ ಅಂಚೆಯವರನ್ನು ಬೈಯುತ್ತಿದ್ದೆ. ಹೀಗೆಯೇ ಐದಾರು ವರ್ಷ ಹೋಯಿತು. ನಾನು ಸ್ಟಾಫ್ ರೂಮಿನಲ್ಲಿ ಪ್ಯಾರಿಸಿನ ಮಾತು ಬಿಟ್ಟೆ. ಅತ್ತಿಗೆ ಮಾತ್ರ ಬಿಡಲಿಲ್ಲ. ಯಾವ ದೇಶವನ್ನೂ ನೋಡದೆ ಕುಣಿಯ ಪಕ್ಕ ಕೂತ ಹೆಂಗಸು ಎಂದು ನಾವು ತಿಳಿದಿದ್ದ ಅತ್ತಿಗೆಗೆ, ಎಲ್ಲೋ ಒಂದು ಪರದೇಶದ ಗಾಜಿನ ಪೆಟ್ಟಿಗೆಯಲ್ಲಿ ತನ್ನ ಹೆಸರಿನಲ್ಲಿ ಕೆಟ್ಟ ಕೆಲಸ ಇದೆ ಎಂಬುದು ನಿದ್ದೆ ಕೆಡಿಸಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಯುಗಾದಿಗೆ ಹೋದೆ. ಅತ್ತಿಗೆ ಬಲಗಡೆ ಕೂತಿದ್ದರು, ಲಾಳಿ ಕೈಯಲ್ಲಿತ್ತು, ಅಣ್ಣ ಹಬ್ಬದ ಸಾಮಾನಿಗೆ ಪೇಟೆಗೆ ಹೋಗಿದ್ದ. ಅವರು ಬಾಯಿ ತೆಗೆಯುವ ಮೊದಲೇ ಹೇಳಿದೆ.

"ಉತ್ತರ ಬಂತು ಅತ್ತಿಗೆ. ನಿಮ್ಮ ಹೆಸರು ಇಲ್ಲ ಅಲ್ಲಿ."

ಅವರು ಉಸಿರು ಬಿಟ್ಟರು. ಹೆಗಲ ಮೇಲಿನ ಭಾರ ಯಾರೋ ಇಳಿಸಿದ ಹಾಗೆ ಗೋಡೆಗೆ ಒರಗಿದರು.

"ಒಳ್ಳೇದಾತು ಬಿಡ್ರಿ. ಈಗ ಯಾರ ಹೆಸರು ಐತೆ?"

"ನನ್ನದು."

ಅತ್ತಿಗೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಲಾಳಿಯ ಎಳೆಯನ್ನು ಬೆರಳಿಂದ ಎಳೆದು ಬಿಗಿ ನೋಡಿಕೊಳ್ಳುತ್ತಾ, "ಹಂಗಾದ್ರೆ ಸರಿಯಾಗೈತೆ" ಎಂದರು.